ವ್ಯಾಕ್ಯೂಮ್ ಸೀಲರ್ ಜೊತೆ ಮೂರು ಮಳೆಗಾಲ: ತೊಳೆದ ಮಾಂಸಕ್ಕೂ ಇದಕ್ಕೂ ಆಗಿಬರಲ್ಲ

ಬೇಜಾರಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಚೀಲದೊಳಗಿನ ಗಾಳಿ ಎಳೆದು ಬಾಯಿ ಅಂಟಿಸುವ ಈ ಮಷಿನ್ ತಗೊಂಡ ಮೊದಲ ವರ್ಷ ಸೀಲ್ ಮಾಡಿಟ್ಟ ಹಂದಿ ಮಾಂಸದ ಚೀಲಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಫ್ರೀಜರ್ ಒಳಗೇ ಸಡಿಲ ಆದವು. ಹಾಕಿದ ದಿನ ಕಲ್ಲಿನ ಹಾಗೆ ಬಿಗಿಯಾಗಿದ್ದ ಚೀಲ, ತಿಂಗಳು ಬಿಟ್ಟು ತೆಗೆದರೆ ಮೆತ್ತಗೆ ಆಗಿತ್ತು. ಒಳಗೆಲ್ಲ ಮಂಜಿನ ಪುಡಿ. ಮಾಂಸದ ಅಂಚು ಬಿಳಚಿಕೊಂಡು ಒಣಗಿದ ಅಡಿಕೆ ಸಿಪ್ಪೆ ಥರ ಆಗಿತ್ತು. ಸಾರು ಮಾಡಿ ತಿನ್ನೋಕೆ ತೊಂದರೆ ಏನಿಲ್ಲ, ಆದರೆ ರುಚಿ ಹೋಗಿರುತ್ತದೆ. ದುಡ್ಡು ಕೊಟ್ಟು, ರಾತ್ರಿ ಹನ್ನೊಂದರವರೆಗೆ ನಿಂತು ಸೀಲ್ ಮಾಡಿ, ಕೊನೆಗೆ ಅಂಗಡಿ ಕವರ್‌ನಲ್ಲಿ ಕಟ್ಟಿಟ್ಟ ಹಾಗೇ ಆದರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಕೋಣಂದೂರು ಕಡೆ. ಅಡಿಕೆ ತೋಟ, ಹಿತ್ತಲಲ್ಲಿ ಒಂದಿಪ್ಪತ್ತು ನಾಟಿ ಕೋಳಿ. ಹಬ್ಬದ ಮಾರನೇ ದಿನ ಅಕ್ಕಪಕ್ಕದ ಐದಾರು ಮನೆಯವರು ಸೇರಿ ಒಂದು ಹಂದಿ ಕೊಯ್ದು ಪಾಲು ಹಾಕಿಕೊಳ್ಳುತ್ತೇವೆ. ನಮ್ಮ ಪಾಲಿಗೆ ಹತ್ತು ಹನ್ನೆರಡು ಕೆಜಿ ಬರುತ್ತದೆ. ಮನೆಯಲ್ಲಿ ಇರುವವರು ನಾಲ್ಕೇ ಜನ. ಎರಡು ದಿನ ತಿಂದರೂ ಮುಗಿಯುವುದಿಲ್ಲ. ಅತ್ತೆ ಮದುವೆಯಾಗಿ ಬಂದ ಕಾಲದಲ್ಲಿ ಉಳಿದದ್ದಕ್ಕೆ ಉಪ್ಪು ಅರಿಶಿನ ಸವರಿ, ದಾರಕ್ಕೆ ಪೋಣಿಸಿ ಒಲೆ ಮೇಲೆ ಹೊಗೆಗೆ ಕಟ್ಟಿ ಉಪ್ಪುಕಂಡ ಮಾಡುತ್ತಿದ್ದರಂತೆ. ಆಗ ಶಿಕಾರಿ ಮಾಂಸಕ್ಕೂ ಅದೇ ದಾರಿ. ಈಗ ಶಿಕಾರಿ ಮಾಡುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ, ಅದು ಇರಬೇಕಾದ್ದೇ. ಒಲೆ ಇದ್ದ ಜಾಗಕ್ಕೆ ಗ್ಯಾಸ್ ಬಂತು, ಹೊಗೆಯೂ ಹೋಯಿತು. ಹಾಗಾಗಿ ಮೂರು ವರ್ಷದ ಹಿಂದೆ ಒಂದು ಡೀಪ್ ಫ್ರೀಜರ್ ತಗೊಂಡೆವು, ಅದರ ಹಿಂದೆಯೇ ಈ ಸೀಲರ್.

ತಗೊಳ್ಳುವ ಮುಂಚೆ ನಾನು ನೋಡಿದ ವಿಡಿಯೋಗಳೆಲ್ಲ ಅಮೆರಿಕದವರದ್ದು. ಜಿಂಕೆ ಬೇಟೆಯಾಡಿ ತಂದು ಮನೆಯಲ್ಲೇ ಕೊಯ್ದು ವರ್ಷಕ್ಕಾಗುವಷ್ಟು ಪ್ಯಾಕ್ ಮಾಡಿಟ್ಟುಕೊಳ್ಳುವವರು. ಅವರ ಕೈಯಲ್ಲಿ ಮಷಿನ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂದರೆ ನೋಡಿದವರಿಗೆ ಆಸೆ ಆಗಲೇಬೇಕು. ಆದರೆ ಅವರು ಚೀಲಕ್ಕೆ ಹಾಕುವುದು ಏನು ನೋಡಿ: ಮೂಳೆ ಬಿಡಿಸಿದ, ಕೊಬ್ಬು ತೆಗೆದ, ಒಣಗಿದ ಮೇಲ್ಮೈ ಇರುವ ದೊಡ್ಡ ಗಟ್ಟಿ ತುಂಡು. ನಾವು ಹಾಕುವುದು ಚರ್ಮ, ಮೂಳೆ ಎಲ್ಲ ಸೇರಿಸಿ ಕಡಿದ ತುಂಡು, ಅದೂ ಎರಡು ಮೂರು ನೀರಲ್ಲಿ ತೊಳೆದದ್ದು. ಇಡೀ ತಕರಾರು ಇಲ್ಲಿದೆ. ಇದು ಗೊತ್ತಾಗಲು ನನಗೆ ಒಂದು ವರ್ಷ ಬೇಕಾಯಿತು.

ನನ್ನದು ಚೀಲದ ಬಾಯಿಯನ್ನು ಮುಚ್ಚಳದ ಕೆಳಗಿಟ್ಟು ಒತ್ತುವ ಸಾದಾ ಮಾದರಿ, 3,800 ರೂಪಾಯಿ ಕೊಟ್ಟೆ. ಪಂಪ್ ಗಾಳಿ ಎಳೆಯುವಾಗ ಚೀಲದ ತಳದಲ್ಲಿರುವ ನೀರು, ರಕ್ತವೂ ಅದರ ಜೊತೆ ಮೇಲೆ ಬರುತ್ತದೆ. ಬಂದು ಸೀಲ್ ಆಗುವ ಜಾಗದಲ್ಲೇ ನಿಲ್ಲುತ್ತದೆ. ಬಿಸಿ ತಂತಿ ಪ್ಲಾಸ್ಟಿಕ್ ಕರಗಿಸಿ ಅಂಟಿಸಬೇಕು, ಆದರೆ ನಡುವೆ ಒಂದು ಹನಿ ನೀರಿದ್ದರೂ ಅಲ್ಲಿ ಅಂಟುವುದಿಲ್ಲ. ಕಣ್ಣಿಗೆ ಸೀಲ್ ಸರಿಯಾಗಿ ಕಾಣುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಗೆರೆಯ ಮಧ್ಯೆ ಸಾಸಿವೆಯಷ್ಟು ಗುಳ್ಳೆ. ಆ ಗುಳ್ಳೆಯಿಂದಲೇ ನಿಧಾನಕ್ಕೆ ಗಾಳಿ ಒಳಗೆ ಹೋಗುತ್ತದೆ. ಇಡೀ ಚೀಲವನ್ನೇ ಪೆಟ್ಟಿಗೆಯೊಳಗೆ ಇಡುವ ಚೇಂಬರ್ ಮಾದರಿಯಲ್ಲಿ ಈ ಕಷ್ಟ ಇಲ್ಲ, ಚೀಲದ ಒಳಗೂ ಹೊರಗೂ ಒಟ್ಟಿಗೇ ಗಾಳಿ ಕಡಿಮೆ ಆಗುವುದರಿಂದ ನೀರು ಮೇಲೆ ಏರುವುದಿಲ್ಲ. ಆದರೆ ಅದರ ಬೆಲೆ ಇದರ ಹಲವು ಪಟ್ಟು. ವರ್ಷಕ್ಕೆ ಎರಡು ಮೂರು ಸಲ ಪಾಲು ಹಾಕುವ ಮನೆಗೆ ಅಷ್ಟು ದುಡ್ಡು ಹಾಕಲು ನನಗೆ ಮನಸ್ಸಿಲ್ಲ.

ಹಾಗಾದರೆ ತೊಳೆಯುವುದನ್ನೇ ಬಿಡೋಣ ಅಂದೆ. ಅತ್ತೆ ಒಪ್ಪಲಿಲ್ಲ. "ತೊಳೀದೆ ಹ್ಯಾಗೆ ಇಡ್ತೀಯೆ? ರಕ್ತ ಹಾಗೇ ಇರುತ್ತಲ್ಲೆ" ಅಂದರು. ಅವರ ಮಾತೂ ತಪ್ಪಲ್ಲ, ಚರ್ಮ ಸುಟ್ಟು ಕೆರೆದ ಹಂದಿಯಲ್ಲಿ ಮಸಿ ಇದ್ದೇ ಇರುತ್ತದೆ. ಕೊನೆಗೆ ಇಬ್ಬರಿಗೂ ಸರಿಹೋಗುವ ಒಂದು ದಾರಿ ಸಿಕ್ಕಿತು. ಕಡಿಯುವ ಮುಂಚೆ, ದೊಡ್ಡ ದೊಡ್ಡ ತುಂಡಾಗಿದ್ದಾಗಲೇ ತೊಳೆದುಬಿಡುವುದು. ಕಡಿದ ಮೇಲೆ ನೀರು ಮುಟ್ಟಿಸುವುದಿಲ್ಲ. ಸಣ್ಣ ತುಂಡು ತೊಳೆದರೆ ಪ್ರತಿ ತುಂಡಿನ ಎಲ್ಲ ಮುಖದಲ್ಲೂ ನೀರು ನಿಲ್ಲುತ್ತದೆ, ದೊಡ್ಡ ತುಂಡಲ್ಲಿ ಹೊರಗೆ ಮಾತ್ರ. ಅದನ್ನು ಒಗೆದ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಆಯಿತು.

ಈಗ ನಮ್ಮ ಪಾಲಿನ ದಿನ ಹೀಗೆ ನಡೆಯುತ್ತದೆ. ಕಡಿದ ಮಾಂಸವನ್ನು ಸ್ಟೀಲ್ ತಟ್ಟೆಗಳ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡುತ್ತೇನೆ. ತಟ್ಟೆಗಳನ್ನು ಡೀಪ್ ಫ್ರೀಜರ್‌ನಲ್ಲಿ ಒಂದೂವರೆ ಗಂಟೆ ಇಡುತ್ತೇನೆ. ಅಷ್ಟರಲ್ಲಿ ಚೀಲದ ಪ್ಲಾಸ್ಟಿಕ್ ರೋಲ್ ಬಿಚ್ಚಿ ಚೀಲ ಕತ್ತರಿಸಿಕೊಳ್ಳುವುದು, ಒಂದು ಬದಿ ಸೀಲ್ ಮಾಡಿಕೊಳ್ಳುವುದು, ಮಾರ್ಕರ್‌ನಲ್ಲಿ ತಾರೀಖು, "ಪಕ್ಕೆ", "ತೊಡೆ", "ಸಾರಿಗೆ" ಅಂತ ಬರೆದುಕೊಳ್ಳುವುದು. ಚೀಲ ತುಂಬಿದ ಮೇಲೆ ಬರೆಯಲು ಹೋದರೆ ತಣ್ಣಗಿನ ಚೀಲದ ಮೇಲೆ ನೀರು ಕೂತು ಶಾಯಿ ಹಿಡಿಯುವುದಿಲ್ಲ. ಒಂದೂವರೆ ಗಂಟೆ ಬಿಟ್ಟು ತಟ್ಟೆ ತೆಗೆದರೆ ತುಂಡುಗಳು ಹೊರಗೆ ಗಟ್ಟಿ, ಒಳಗೆ ಇನ್ನೂ ಮೆತ್ತಗೆ. ಬೆರಳಲ್ಲಿ ಒತ್ತಿದರೆ ಹಲಸಿನ ತೊಳೆ ಒತ್ತಿದ ಹಾಗೆ ಚೂರು ಒಳಗೆ ಹೋಗುತ್ತದೆ. ಅದೇ ಹದ. ಚೀಲದ ಬಾಯಿಯನ್ನು ಹೊರಕ್ಕೆ ಮಡಚಿ ಹಿಡಿದು ತುಂಬಬೇಕು, ಸೀಲ್ ಬೀಳುವ ಜಾಗಕ್ಕೆ ಜಿಡ್ಡು ತಾಗಬಾರದು. ಮೇಲೆ ನಾಲ್ಕು ಬೆರಳಗಲ ಖಾಲಿ ಬಿಡಬೇಕು. ನಾನು ಎರಡು ಸೀಲ್ ಹಾಕುತ್ತೇನೆ, ಒಂದರ ಮೇಲೆ ಅರ್ಧ ಬೆರಳು ಬಿಟ್ಟು ಇನ್ನೊಂದು. ಪಂಪ್ ಸದ್ದು ನಿಂತು, ಮಾಂಸದ ಉಬ್ಬು ತಗ್ಗೆಲ್ಲ ಪ್ಲಾಸ್ಟಿಕ್ ಮೇಲೆ ಮೂಡಿ ನಿಲ್ಲುವುದನ್ನು ನೋಡಲು ನನಗೆ ಈಗಲೂ ಖುಷಿ.

ಈ ಕ್ರಮ ಹಿಡಿದ ಮೇಲೆ ಕಳೆದ ಎರಡು ವರ್ಷದಲ್ಲಿ ಸಡಿಲವಾದ ಚೀಲ ಒಂದು ಕೈ ಬೆರಳಲ್ಲಿ ಎಣಿಸುವಷ್ಟು. ಅವೂ ನೀರಿನಿಂದಲ್ಲ, ಮೂಳೆಯಿಂದ. ಕತ್ತಿಯಲ್ಲಿ ಕಡಿದ ಮೂಳೆಯ ತುದಿ ಸೂಜಿ ಹಾಗಿರುತ್ತದೆ, ಗಾಳಿ ಎಳೆದ ಕೂಡಲೇ ಚೀಲ ಅದರ ಮೇಲೆ ಬಿಗಿದು ತೂತಾಗುತ್ತದೆ. ಅಡಿಕೆ ಹಾಳೆ ತುಂಡು ಇಟ್ಟು ನೋಡಿದೆ, ಅದರ ಅಂಚೇ ಚುಚ್ಚಿತು. ಈಗ ಚೀಲದ್ದೇ ಉಳಿದ ತುಂಡನ್ನು ನಾಲ್ಕು ಮಡಿಕೆ ಮಾಡಿ ಮೂಳೆ ತುದಿಗೆ ಇಡುತ್ತೇನೆ. ಸಾಧ್ಯವಾದರೆ ಕಾಲಿನ ಮೂಳೆಗಳನ್ನು ಮೊದಲ ದಿನದ ಸಾರಿಗೇ ಹಾಕಿ ಮುಗಿಸಿಬಿಡಿ.

ನಾಟಿ ಕೋಳಿಗೆ ಇನ್ನೊಂದು ಮಾತು. ಕೊಯ್ದ ಬಿಸಿಗೇ ಪ್ಯಾಕ್ ಮಾಡಿ ಫ್ರೀಜ್ ಮಾಡಿದರೆ ಆಮೇಲೆ ಎಷ್ಟು ಬೇಯಿಸಿದರೂ ನಾರು ನಾರು. ಒಂದು ರಾತ್ರಿ ಮಾಮೂಲಿ ಫ್ರಿಡ್ಜ್‌ನಲ್ಲಿಟ್ಟು, ಸೆಟೆದ ಮೈ ಸಡಿಲಾದ ಮೇಲೆ ಸೀಲ್ ಮಾಡಿ.

ಮೊದಲ ಸಲ ಚೀಲ ಬಿಚ್ಚಿದ ದಿನ ನಡೆದದ್ದನ್ನೂ ಹೇಳಬೇಕು, ಯಾಕೆಂದರೆ ಇದೇ ಕಾರಣಕ್ಕೆ ಎಷ್ಟೋ ಜನ ಒಳ್ಳೆ ಮಾಂಸ ಎಸೆದಿರಬಹುದು. ಮಾಂಸ ಕೆಂಪಗಿರಲಿಲ್ಲ. ನೇರಳೆಗೆ ತಿರುಗಿದ ಕಪ್ಪು ಬಣ್ಣ, ಬಿಚ್ಚಿದಾಗ ಒಂಥರಾ ಹುಳಿ ವಾಸನೆ. "ಬಣ್ಣ ನೋಡೆ, ಹಾಳಾಗಿದೆ ಇದು" ಅಂದರು ಅತ್ತೆ. ನನಗೂ ಎದೆ ಧಸಕ್ ಅಂತು. ಆದರೂ "ಅತ್ತೆ, ಅರ್ಧ ಗಂಟೆ ಬಿಟ್ಟು ನೋಡಣ" ಅಂದು ತಟ್ಟೆಗೆ ಹಾಕಿ ಮುಚ್ಚಿಟ್ಟೆ. ನಿಧಾನಕ್ಕೆ ಕೆಂಪು ವಾಪಸ್ ಬಂತು, ವಾಸನೆ ಪೂರ್ತಿ ಹೋಯಿತು. ಮಾಂಸದಲ್ಲಿರುವ ಬಣ್ಣದ ಅಂಶಕ್ಕೆ ಆಮ್ಲಜನಕ ಸಿಕ್ಕರೆ ಕೆಂಪು, ಸಿಗದಿದ್ದರೆ ನೇರಳೆ. ಅಷ್ಟೇ ವಿಷಯ. ಗಾಳಿಗಿಟ್ಟ ಮೇಲೂ ವಾಸನೆ ಹೋಗದಿದ್ದರೆ, ಕೈಗೆ ಲೋಳೆ ತಾಗಿದರೆ ಎಸೆಯಿರಿ.

ಈ ಮಷಿನ್ ಮೇಲೆ ನನಗೆ ಪ್ರೀತಿ ಬಂದದ್ದು ಎರಡನೇ ಮಳೆಗಾಲದಲ್ಲಿ. ನಮ್ಮ ಕಡೆ ಮೀನು ಮಲ್ಪೆ ಕಡೆಯಿಂದ ಆಗುಂಬೆ ಘಾಟಿ ಹತ್ತಿ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ, ಆಗ ಸಿಗುವ ಮೀನಿಗೆ ಬೆಲೆ ಜಾಸ್ತಿ, ತಾಜಾತನ ಕಡಿಮೆ. ಆ ವರ್ಷ ಮೇ ಕೊನೆಯಲ್ಲಿ ಆರು ಕೆಜಿ ಬಂಗುಡೆ ತಂದು, ಶುಚಿ ಮಾಡಿ, ತಟ್ಟೆಯಲ್ಲಿ ಗಟ್ಟಿ ಮಾಡಿ, ಊಟಕ್ಕೆ ಬೇಕಾದಷ್ಟೇ ಲೆಕ್ಕದಲ್ಲಿ ಸೀಲ್ ಮಾಡಿದ್ದೆ. ಜುಲೈ ತಿಂಗಳು, ಹೊರಗೆ ಮೂರು ದಿನದಿಂದ ಬಿಡದ ಮಳೆ, ಗದ್ದೆ ನಟ್ಟಿ ಮುಗಿಸಿ ನೆನೆದು ಬಂದವರಿಗೆ ವಾಟೆಹುಳಿ ಹಾಕಿದ ಬಂಗುಡೆ ಸಾರು, ಬಿಸಿ ಕಡುಬು. ಎಂಟು ವಾರದ ಹಿಂದಿನ ಮೀನು ಅಂತ ಯಾರಿಗೂ ಗೊತ್ತಾಗಲಿಲ್ಲ. ಅತ್ತೆ ಎರಡನೇ ಸಲ ಬಡಿಸಿಕೊಂಡರು.

ಅದೇ ತಿಂಗಳು ಲೈನ್ ಮೇಲೆ ಮರ ಬಿದ್ದು ಎರಡು ರಾತ್ರಿ ಕರೆಂಟ್ ಇರಲಿಲ್ಲ. ಚೀಲಗಳನ್ನು ಚಪ್ಪಟೆಯಾಗಿ ಸೀಲ್ ಮಾಡಿ ಹಂಚು ಜೋಡಿಸಿದ ಹಾಗೆ ಒತ್ತೊತ್ತಾಗಿ ಇಟ್ಟಿದ್ದೆ, ಫ್ರೀಜರ್ ಬಾಯಿವರೆಗೆ ತುಂಬಿತ್ತು. ತುಂಬಿದ ಫ್ರೀಜರ್ ಮುಚ್ಚಳ ತೆಗೆಯದಿದ್ದರೆ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದರೆ 24. ನಾವು ಮುಚ್ಚಳದ ಮೇಲೆ ಎರಡು ಕಂಬಳಿ ಹೊದಿಸಿ, ಮಕ್ಕಳಿಗೆ ಮುಟ್ಟಬೇಡಿ ಅಂತ ಹೇಳಿ ಕಾದೆವು. ಕರೆಂಟ್ ಬಂದಾಗ ಮೇಲಿನ ಸಾಲಿನ ಚೀಲ ಕೂಡ ಗಟ್ಟಿಯಾಗೇ ಇತ್ತು.

ಮಳೆಗಾಲದ ಒಣ ಸಾಮಾನಿಗೂ ಇದು ಚೆನ್ನ. ಒಣಮೀನು, ಕಾಳುಮೆಣಸು, ಒಣಗಿಸಿದ ವಾಟೆಹುಳಿ ಯಾವುದಕ್ಕೂ ಬೂಸ್ಟು ಬರಲಿಲ್ಲ. ಹಪ್ಪಳಕ್ಕೆ ಮಾತ್ರ ಪೂರ್ತಿ ಗಾಳಿ ಎಳೆಯಲು ಬಿಡಬೇಡಿ, ಪುಡಿಯಾಗುತ್ತದೆ. ಅರ್ಧದಲ್ಲೇ ಸೀಲ್ ಬಟನ್ ಒತ್ತಿ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಗಾಳಿ ತೆಗೆದ ಮಾತ್ರಕ್ಕೆ ಮಾಂಸ ಕೆಡುವುದಿಲ್ಲ ಅಂತಲ್ಲ. ಗಾಳಿ ಇಲ್ಲದ ಕಡೆಯೇ ಬೆಳೆಯುವ ಬೊಟುಲಿಸಂ ಅನ್ನುವ ವಿಷಬಾಧೆ ತರುವ ಬ್ಯಾಕ್ಟೀರಿಯಾ ಇದೆ, ಅದರಲ್ಲಿ ಕೆಲವು ಬಗೆ ಫ್ರಿಡ್ಜ್‌ನ ತಂಪಿನಲ್ಲೂ ಬೆಳೆಯುತ್ತವೆ. ಸೀಲ್ ಮಾಡಿದ ಮಾಂಸ, ಮೀನಿಗೆ ಜಾಗ ಮೈನಸ್ 18 ಡಿಗ್ರಿಯ ಫ್ರೀಜರ್. ಹೊರಗೆ ಇಡಲೇಬಾರದು. ಮೀನನ್ನು ಕರಗಿಸುವ ಮುಂಚೆ ಚೀಲ ಕತ್ತರಿಸಿ ಗಾಳಿ ಆಡಲು ಬಿಟ್ಟು, ಪಾತ್ರೆಯಲ್ಲಿ ಹಾಕಿ ಫ್ರಿಡ್ಜ್‌ನಲ್ಲಿ ಕರಗಿಸಿ. ಹಸಿ ಅಣಬೆ, ಸುಲಿದ ಬೆಳ್ಳುಳ್ಳಿಯನ್ನು ಹಸಿಯಾಗಿ ಸೀಲ್ ಮಾಡುವ ಸಾಹಸ ಬೇಡ.

ಖರ್ಚಿನ ಲೆಕ್ಕ: ಮಷಿನ್‌ಗಿಂತ ರೋಲ್‌ಗೆ ಜಾಸ್ತಿ ಹೋಗುತ್ತದೆ. 28 ಸೆಂಟಿಮೀಟರ್ ಅಗಲ, 5 ಮೀಟರ್ ಉದ್ದದ ಎರಡು ರೋಲ್‌ಗೆ ನಾನು ಕಳೆದ ಸಲ ಕೊಟ್ಟದ್ದು 750 ರೂಪಾಯಿ. ಒಂದು ರೋಲ್‌ನಲ್ಲಿ ಹದಿನಾರು ಚೀಲ ಬರುತ್ತವೆ, ಅಂದರೆ ಚೀಲಕ್ಕೆ 23 ರೂಪಾಯಿ ಮೇಲೆ. ದುಡ್ಡು ಉಳಿಸಲು ಸಾದಾ ನುಣುಪು ಕವರ್ ಹಾಕಿ ನೋಡಿದೆ, ಎರಡು ಪದರ ಒಂದಕ್ಕೊಂದು ಅಂಟಿಕೊಂಡು ಗಾಳಿ ಒಳಗೇ ಉಳಿಯಿತು. ಒಳಮೈ ಮೇಲೆ ಉಬ್ಬು ಗೆರೆ ಇರುವ ಚೀಲವೇ ಬೇಕು, ಗಾಳಿ ಆ ಗೆರೆಗಳ ಸಂದಿಯಿಂದಲೇ ಹೊರಗೆ ಬರುವುದು. ಒಣ ಸಾಮಾನು ಹಾಕಿದ ಚೀಲವನ್ನು ಮತ್ತೆ ಬಳಸುತ್ತೇನೆ. ಹಸಿ ಮಾಂಸದ್ದನ್ನು ಇಲ್ಲ.

ಕೊನೆಗೆ ನನ್ನ ಇನ್ನೊಂದು ಸಿಟ್ಟು. ಮುಚ್ಚಳದ ಸುತ್ತ ಗಾಳಿ ಸೋರದ ಹಾಗೆ ತಡೆಯುವ, ಸ್ಪಂಜಿನ ಥರದ ಕಪ್ಪು ಗ್ಯಾಸ್ಕೆಟ್ ಇದೆ. ಹೋದ ವರ್ಷ ಪಂಪ್ ಗರ್ ಅಂತ ತಿರುಗುತ್ತಲೇ ಇತ್ತು, ಗಾಳಿ ಮಾತ್ರ ಎಳೆಯಲಿಲ್ಲ. ನೋಡಿದರೆ ಗ್ಯಾಸ್ಕೆಟ್ ಚಪ್ಪಟೆಯಾಗಿತ್ತು. ತಿಂಗಳುಗಟ್ಟಲೆ ಮುಚ್ಚಳವನ್ನು ಕ್ಲಿಪ್ ಹಾಕಿ ಬಿಗಿಯಾಗಿ ಇಟ್ಟಿದ್ದೇ ಕಾರಣ. ಹಾಗೆ ಇಡಬಾರದು ಅಂತ ಜೊತೆಗೆ ಬಂದ ಹಾಳೆಯಲ್ಲಿ ಒಂದು ಸಾಲೂ ಇಲ್ಲ. ಕಂಪನಿಗೆ ನಾಲ್ಕು ಸಲ ಫೋನ್ ಮಾಡಿದೆ, ಸ್ಪೇರ್ ಬರುವುದಿಲ್ಲ, ಹೊಸದೇ ತಗೊಳ್ಳಿ ಅಂದರು. ಇಪ್ಪತ್ತು ಮೂವತ್ತು ರೂಪಾಯಿಯ ಸ್ಪಂಜಿಗೋಸ್ಕರ ಚೆನ್ನಾಗಿರುವ ಪಂಪ್, ಚೆನ್ನಾಗಿರುವ ತಂತಿ ಎಲ್ಲ ಗುಜರಿಗೆ ಹಾಕಬೇಕಂತೆ. ಗ್ಯಾಸ್ಕೆಟ್ ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ, ಮಗುಚಿ ಹಾಕಿದೆ. ಅದರಲ್ಲೇ ಆರು ತಿಂಗಳು ನಡೆಯಿತು. ಆಮೇಲೆ ಶಿವಮೊಗ್ಗದಲ್ಲಿ ಮಿಕ್ಸಿ ರಿಪೇರಿ ಮಾಡುವವರೊಬ್ಬರು ಫೋಮ್ ಶೀಟ್‌ನಲ್ಲಿ ಅಳತೆಗೆ ಕತ್ತರಿಸಿ ಕೊಟ್ಟರು, ಈಗ ಅದೇ ಇದೆ, ಗಟ್ಟಿಯಾಗಿ ಎಳೆಯುತ್ತಿದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಗ್ಯಾಸ್ಕೆಟ್ ಸಿಗುವ ಹಾಗಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಡೀಪ್ ಫ್ರೀಜರ್ ಇಲ್ಲದ ಮನೆಗೆ ಇದು ಬೇಡ. ವಾರಕ್ಕೆ ಒಂದು ಕೆಜಿ ತಂದು ತಿಂದು ಮುಗಿಸುವವರಿಗೂ ಬೇಡ. ಪಾಲು ಹಾಕುವವರು, ಕೋಳಿ ಸಾಕಿದವರು, ಮೇ ತಿಂಗಳಲ್ಲಿ ಮೀನು ಕೂಡಿಡುವವರು ಧಾರಾಳವಾಗಿ ತಗೊಳ್ಳಿ. ಆದರೆ ಆರ್ಡರ್ ಹಾಕುವ ಮುಂಚೆ ಗ್ಯಾಸ್ಕೆಟ್ ಬಿಡಿಯಾಗಿ ಸಿಗುತ್ತಾ ಕೇಳಿ, ಸಿಕ್ಕರೆ ಅವತ್ತೇ ಒಂದು ಜೊತೆ ಹೆಚ್ಚಿಗೆ ತರಿಸಿಟ್ಟುಕೊಳ್ಳಿ, ಮಷಿನ್ ಎತ್ತಿಡುವಾಗ ಕ್ಲಿಪ್ ಬಿಡಿಸಿ ಇಡಿ.