ಆ್ಯಪಿಗಿಂತ ನಿನ್ನೆಯ ಪೇಪರೇ ಭೇಷ್: ಮಗಳ ಇಂಗ್ಲಿಷ್ ಗ್ರಾಮರಿಗೆ ನಾಲ್ಕು ದಾರಿ ಹಿಡಿದು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಿನ್ನೆಯ ಪೇಪರಿಗೆ. ಕಲಬುರಗಿಯ ಸ್ಟೇಷನ್ ರೋಡಿನ ಹತ್ತಿರ ನಮ್ಮದೊಂದು ಸಣ್ಣ ಖಾನಾವಳಿ. ಮಧ್ಯಾಹ್ನ ಊಟಕ್ಕೆ ಬರುವ ಬ್ಯಾಂಕಿನವರ ಸಲುವಾಗಿ ಒಂದು ಇಂಗ್ಲಿಷ್ ಪೇಪರು, ಉಳಿದವರ ಸಲುವಾಗಿ ಒಂದು ಕನ್ನಡ ಪೇಪರು ಹಾಕಿಸುತ್ತೇನೆ. ಮೊದಲೆಲ್ಲ ಮರುದಿನ ಎರಡೂ ರದ್ದಿಯ ಗಂಟಿಗೆ ಸೇರುತ್ತಿದ್ದವು. ಈಗ ಹತ್ತನೇ ಕ್ಲಾಸಿನ ಮಗಳ ಕೈಗೆ ಹೋಗುತ್ತವೆ. ಆದರೆ ಈ ಬುದ್ಧಿ ಬರುವ ಮುಂಚೆ ಸಾವಿರ ರೂಪಾಯಿ ಮೇಲೆಯೇ ಕಳೆದುಕೊಂಡಿದ್ದೇನೆ.

ಅವಳದು ಕನ್ನಡ ಮಾಧ್ಯಮ. ಇಂಗ್ಲಿಷ್ ದ್ವಿತೀಯ ಭಾಷೆ, 80 ಅಂಕದ ಪತ್ರಿಕೆ. ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ), ರಿಪೋರ್ಟೆಡ್ ಸ್ಪೀಚ್ (ಒಬ್ಬರ ಮಾತನ್ನು ನಮ್ಮ ಮಾತಿನಲ್ಲಿ ಹೇಳುವುದು), ಡಿಗ್ರೀಸ್ ಆಫ್ ಕಂಪ್ಯಾರಿಸನ್ (ಹೋಲಿಸಿ ಹೇಳುವುದು) ಎಂದರೆ ಮುಖ ಸಣ್ಣದಾಗುತ್ತಿತ್ತು. ದಿನಾ ಇಂಗ್ಲಿಷ್ ಪೇಪರ್ ಓದಿಸಿ ಎಂದು ಎಲ್ಲರೂ ಹೇಳಿದರು. ಹೇಗೆ ಓದಿಸಬೇಕೆಂದು ಒಬ್ಬರೂ ಹೇಳಲಿಲ್ಲ.

ಮೊದಲು ಒಂದು ಪತ್ರಿಕೆಯ ಡಿಜಿಟಲ್ ಚಂದಾ ಕಟ್ಟಿದೆ, ಒಂದೇ ಸಲ ವರ್ಷದ್ದು. ಓಟಿಪಿ ಬರುವುದು ನನ್ನ ಫೋನಿಗೆ, ನಾನಿರುವುದು ಗಲ್ಲಾದ ಮೇಲೆ, ಮಗಳು ಮನೆಯಲ್ಲಿ. ಲಾಗಿನ್ ಆದ ದಿನವೂ ಐದಿಂಚಿನ ಪರದೆಯಲ್ಲಿ ಸಂಪಾದಕೀಯ ಓದಲು ಕೂತು ಎರಡನೇ ಪ್ಯಾರಾಕ್ಕೆ ಆಕಳಿಸುತ್ತಿದ್ದಳು. ಸಂಪಾದಕೀಯ ಐಎಎಸ್ ಓದುವವರಿಗೆ ಇರಲಿ, ಹತ್ತನೇ ಕ್ಲಾಸಿಗೆ ಅದು ಭಾರ.

ಎರಡನೆಯದು ಪುಕ್ಕಟೆ ಸಿಗುವ ಚುಟುಕು ಸುದ್ದಿಯ ಆ್ಯಪು. ಮೇಲೆ ಶೀರ್ಷಿಕೆ, ಕೆಳಗೆ ನಾಲ್ಕು ಸಾಲು, ಬೆರಳು ಸರಿಸಿದರೆ ಮುಂದಿನದು. ಮಗಳಿಗೆ ಬಹಳ ಹಿಡಿಸಿತು. ದಿನಕ್ಕೆ ಮೂವತ್ತು ಸುದ್ದಿ ಓದಿದೆ ಎನ್ನುತ್ತಿದ್ದಳು, ನಾನೂ ಬೀಗುತ್ತಿದ್ದೆ. ಶಾಲೆಯ ಕಿರು ಪರೀಕ್ಷೆಯ ಪೇಪರು ಕೈಗೆ ಬಂದಾಗ ಬಣ್ಣ ಬಯಲಾಯಿತು. 'ಪೊಲೀಸರು ಇಬ್ಬರನ್ನು ಬಂಧಿಸಿದರು' ಎಂಬರ್ಥದ ವಾಕ್ಯವನ್ನು ಪ್ಯಾಸಿವ್ ಮಾಡಬೇಕಿತ್ತು. ಇವಳು ಬರೆದದ್ದು, 'ಟು ಮೆನ್ ಅರೆಸ್ಟೆಡ್ ಬೈ ದ ಪೊಲೀಸ್.' ಕೆಂಪು ಶಾಯಿಯಲ್ಲಿ ಒಂದು ಸೊನ್ನೆ, ಅದರ ಪಕ್ಕದಲ್ಲಿ 'ವರ್ ಎಲ್ಲಿ?' ಎಂಬ ಪ್ರಶ್ನೆ.

"ಆ್ಯಪಿನ್ಯಾಗ ಹಿಂಗೇ ಅದ ನೋಡಪ್ಪಾ" ಎಂದು ಫೋನನ್ನೇ ಮೂಗಿನ ಮುಂದೆ ಹಿಡಿದಳು. ನಿಜವೇ, ಹಾಗೇ ಇತ್ತು. ಅವಳು ಮೂವತ್ತು ಸುದ್ದಿ ಓದುತ್ತಿರಲಿಲ್ಲ, ಮೂವತ್ತು ಶೀರ್ಷಿಕೆ ಓದುತ್ತಿದ್ದಳು.

ಶೀರ್ಷಿಕೆಯ ವ್ಯಾಕರಣವೇ ಬೇರೆ. ಜಾಗ ಉಳಿಸಲು ಅಲ್ಲಿ ಈಸ್, ವಾಸ್, ವರ್ ಬಿಟ್ಟುಬಿಡುತ್ತಾರೆ. ಎ, ಆ್ಯನ್, ದ ಇರುವುದಿಲ್ಲ. ನಿನ್ನೆ ನಡೆದದ್ದನ್ನು ಇಂದು ನಡೆದಂತೆ ಹೇಳುತ್ತಾರೆ: ಬಸ್ಸು ಮರಕ್ಕೆ ಗುದ್ದಿದ್ದು ನಿನ್ನೆಯಾದರೂ 'ಬಸ್ ಹಿಟ್ಸ್ ಟ್ರೀ.' ನಾಳೆ ಆಗುವುದಕ್ಕೆ ವಿಲ್ ಬದಲು ಬರೀ ಟು: 'ಸಿಎಂ ಟು ವಿಸಿಟ್ ಕಲಬುರಗಿ.' ಆ್ಯಂಡ್ ಬರಬೇಕಾದಲ್ಲಿ ಒಂದು ಕಾಮಾ. ಪತ್ರಿಕೆಗೆ ಇದು ಪದ್ಧತಿ. ಪರೀಕ್ಷೆಯಲ್ಲಿ ಬರೆದರೆ ಸೊನ್ನೆ. ಮೂರು ತಿಂಗಳು ಇದನ್ನೇ ಕಣ್ಣಿಗೆ ತುಂಬಿಕೊಂಡವಳ ಕೈ ಮತ್ತೇನು ಬರೆದೀತು? ಅವಳ ಪತ್ರಲೇಖನದಲ್ಲೂ ಆರ್ಟಿಕಲ್, ಅಂದರೆ ಈ ಎ, ಆ್ಯನ್, ದ, ಮಾಯವಾಗಿದ್ದವು. ಆ್ಯಪು ತೆಗೆದುಹಾಕಿದ ಮೇಲೂ ಆ ಚಟ ಬಿಡಲು ಒಂದು ತಿಂಗಳು ಬೇಕಾಯಿತು.

ಮೂರನೆಯದು ನಿಧಾನ ಇಂಗ್ಲಿಷಿನ ಸುದ್ದಿ. ಅಮೆರಿಕ ಸರ್ಕಾರದ ರೇಡಿಯೊ ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಶುರು ಮಾಡಿದ ಪದ್ಧತಿ ಇದು, ಸುಮಾರು 1,500 ಪದಗಳ ಆಸರೆಯಲ್ಲೇ ಬರೆದು ತಡೆತಡೆದು ಓದುತ್ತಿದ್ದರು. ಕಿವಿಗೆ ಹಿತ, ವಾಕ್ಯ ಸಣ್ಣವು. ಆದರೆ ಕಲರ್, ಲೇಬರ್ ಎಲ್ಲ ಅಮೆರಿಕದ ಸ್ಪೆಲ್ಲಿಂಗು, ಸುದ್ದಿ ನಡೆಯುವುದೂ ಏಳು ಸಮುದ್ರದಾಚೆ. ಸುದ್ದಿ ಏನೆಂದು ತಿಳಿಯಲು ಒದ್ದಾಡುವಾಗ ವ್ಯಾಕರಣದ ಕಡೆ ಯಾರ ಗಮನ ಹೋಗುತ್ತದೆ?

ನಾಲ್ಕನೆಯದು ಖಾನಾವಳಿಯ ನಿನ್ನೆಯ ಪೇಪರು. ಅದರ ಗೆಲುವು ಇರುವುದು ಇಲ್ಲೇ, ಸುದ್ದಿ ನಮ್ಮೂರಿನದೇ, ಮೊದಲೇ ಗೊತ್ತಿರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಭೀಮಾ ನದಿ ಉಕ್ಕಿ ಬಂದ ವಾರ ಎರಡೂ ಪೇಪರು ಅದೇ ಸುದ್ದಿಯಿಂದ ತುಂಬಿದ್ದವು. ನಮ್ಮ ಬೀಗರ ತೊಗರಿ ಹೊಲಕ್ಕೂ ನೀರು ನುಗ್ಗಿತ್ತು, ಆದ್ದರಿಂದ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಕನ್ನಡ ಪೇಪರಿನಲ್ಲಿ 'ಗ್ರಾಮಸ್ಥರನ್ನು ಕಾಳಜಿ ಕೇಂದ್ರಕ್ಕೆ ಸ್ಥಳಾಂತರಿಸಲಾಯಿತು' ಎಂದಿತ್ತು. ಇಂಗ್ಲಿಷಿನಲ್ಲಿ, 'ವರ್ ಶಿಫ್ಟೆಡ್ ಟು ರಿಲೀಫ್ ಸೆಂಟರ್ಸ್.' ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದ ಮಗಳು ತಟ್ಟನೆ, "ಅಪ್ಪಾ, 'ಲಾಯಿತು' ಅಂದ್ರ 'ವಾಸ್' ಇಲ್ಲಾ 'ವರ್' ಅಲ್ಲೇನು?" ಎಂದಳು.

ನಾನು ಪಿಯುಸಿ ಫೇಲು. ಆದರೂ ಅವಳು ಹಿಡಿದ ದಾರ ಸರಿಯಿದೆ ಎನಿಸಿತು. ಅಂದು ರಾತ್ರಿ ಉದ್ರಿ ಬುಕ್ಕಿನ ಹಿಂದಿನ ಪುಟದಲ್ಲಿ ಕೂತು ಬರೆದೆವು. ಲಾಯಿತು ಎಂದರೆ ವಾಸ್, ವರ್. ಲಾಗಿದೆ ಎಂದರೆ ಹ್ಯಾಸ್ ಬೀನ್, ಬಹುವಚನಕ್ಕೆ ಹ್ಯಾವ್ ಬೀನ್. ಲಾಗುತ್ತಿದೆ ಎಂದರೆ ಈಸ್ ಬೀಯಿಂಗ್. ಲಾಗುವುದು ಎಂದರೆ ವಿಲ್ ಬಿ. ಮುಂದೆ ಕ್ರಿಯಾಪದದ ಮೂರನೇ ರೂಪ. ಮನೆಯಲ್ಲಿ ಯಾರೂ 'ರೊಟ್ಟಿ ಬಡಿಯಲಾಯಿತು' ಎನ್ನುವುದಿಲ್ಲ, ಹೀಗೆ ಮಾತಾಡುವುದು ಪೇಪರು ಮತ್ತು ಸರ್ಕಾರ ಮಾತ್ರ. ಹಾಗಾಗಿ ಇದು ಸಿಗಬೇಕಾದರೆ ಕನ್ನಡ ಪೇಪರೂ ಪಕ್ಕದಲ್ಲಿ ಇರಲೇಬೇಕು.

ಆರ್ಟಿಕಲ್ಲಿಗೆ ಜಿಲ್ಲಾ ಪುಟ ಸಾಕು. ಎಂಎಲ್ಎಗೆ ಆ್ಯನ್, ಎಫ್ಐಆರ್‌ಗೆ ಆ್ಯನ್, ಡಿಸಿಗೆ ಎ, ಯೂನಿವರ್ಸಿಟಿಗೆ ಎ. ಅಕ್ಷರ ನೋಡಬೇಡ, ಬಾಯಿಂದ ಬರುವ ಸ್ವರ ಕೇಳು ಎಂದು ನೂರು ಸಲ ಹೇಳುವುದು ತಪ್ಪಿತು. ಬೆಳಗ್ಗೆ ಕಾಯಿಪಲ್ಯ ಬರುವ ಮುಂಚೆ ಒಂದು ಸುದ್ದಿಯಲ್ಲಿ ಹತ್ತು ಸಣ್ಣ ಪದಗಳನ್ನು ಸ್ಕೆಚ್ ಪೆನ್ನಿನಿಂದ ಮುಚ್ಚುತ್ತೇನೆ, ಉತ್ತರ ನನ್ನ ಚೀಟಿಯಲ್ಲಿ. ಸಂಜೆ ಅವಳು ತುಂಬುತ್ತಾಳೆ. ಫೋನಿನ ಮೇಲೆ ಸ್ಕೆಚ್ ಪೆನ್ ಆಡಿಸಲಾಗುತ್ತದೆಯೇ?

ಡಿಗ್ರೀಸ್ ಕಲಿತದ್ದು ಇನ್ನೊಂದು ಕಥೆ. 2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತಲ್ಲ, ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ನಮ್ಮ ಕಲಬುರಗಿ ಶೇ 42.43ರೊಂದಿಗೆ ಕಟ್ಟಕಡೆಗೆ. ಮರುದಿನದ ಪೇಪರು ರದ್ದಿಯ ಗಂಟಿನಲ್ಲಿ ಉಳಿದಿತ್ತು. ಕಲಬುರಗಿಯದು ಲೋಯೆಸ್ಟ್. ಅದನ್ನೇ ಕಂಪ್ಯಾರಿಟಿವ್ ಮಾಡಿದರೆ 'ಲೋಯರ್ ದ್ಯಾನ್ ಎನಿ ಅದರ್ ಡಿಸ್ಟ್ರಿಕ್ಟ್.' ಪಾಸಿಟಿವ್‌ನಲ್ಲಿ 'ನೋ ಅದರ್ ಡಿಸ್ಟ್ರಿಕ್ಟ್ ಈಸ್ ಆ್ಯಸ್ ಲೋ ಆ್ಯಸ್ ಕಲಬುರಗಿ.' ಮೂರು ರೀತಿಯಲ್ಲಿ ಹೇಳಿದರೂ ನಾವೇ ಕೆಳಗೆ. "ಬ್ಯಾರೆ ಉದಾಹರಣೆ ಸಿಗಲಿಲ್ಲೇನು?" ಎಂದು ಅವಳ ಅವ್ವ ಒಳಗಿನಿಂದ ಬೈದಳು. ಆದರೆ ಮಗಳು ಆ ಮೂರು ವಾಕ್ಯ ಇವತ್ತಿಗೂ ಮರೆತಿಲ್ಲ.

ಪೇಪರಿಗೂ ಕುಂದಿದೆ. ವಾಕ್ಯದ ಕೊನೆಗೆ 'ಈಸಂಟ್ ಇಟ್?' ಎಂದು ಕೇಳುವ ಕ್ವೆಶ್ಚನ್ ಟ್ಯಾಗ್ ಸುದ್ದಿಯಲ್ಲಿ ಸಿಗುವುದೇ ಇಲ್ಲ, ಅದನ್ನು ಪಠ್ಯಪುಸ್ತಕದಲ್ಲೇ ಮಾಡಬೇಕು. ರಿಪೋರ್ಟೆಡ್ ಸ್ಪೀಚಿನಲ್ಲಿ ಎಚ್ಚರ ಬೇಕು. ಪರೀಕ್ಷೆಯಲ್ಲಿ ಟುಮಾರೋ ಎಂಬುದು 'ದ ನೆಕ್ಸ್ಟ್ ಡೇ' ಆಗಬೇಕು, ಪೇಪರಿನವರು ಸೀದಾ ಮಂಗಳವಾರ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಮಂತ್ರಿಗಳು 'ಸೆಡ್' ಆದ ಮೇಲೂ ಎಷ್ಟೋ ಸಲ ವಿಲ್ ಹಾಗೇ ಉಳಿದಿರುತ್ತದೆ, ಪರೀಕ್ಷೆಗೆ ವುಡ್ ಬೇಕು. ಅಂಥದ್ದು ಸಿಕ್ಕರೆ ಸುತ್ತು ಹಾಕಿ ತಿದ್ದಿಸುತ್ತೇನೆ.

ಮನೆಗೆ ಪೇಪರು ಬಾರದವರು ನಮ್ಮಂಥ ಯಾವುದಾದರೂ ಖಾನಾವಳಿಯವರನ್ನು ಕೇಳಿ ನೋಡಿ, ನಿನ್ನೆಯ ಪೇಪರು ಇಲ್ಲ ಎನ್ನುವವರು ಕಡಿಮೆ. ದೊಡ್ಡ ಫೋನು, ಬಿಡುವು, ರೊಕ್ಕ ಮೂರೂ ಇದ್ದವರು ಚಂದಾ ಕಟ್ಟಲಿ. ನಾನು ಮುಂದಿನ ವರ್ಷಕ್ಕೆ ಕಟ್ಟುವುದಿಲ್ಲ. ಚುಟುಕು ಆ್ಯಪನ್ನು ಮಾತ್ರ ಪರೀಕ್ಷೆ ಮುಗಿಯುವತನಕ ಮಕ್ಕಳಿಂದ ದೂರ ಇಡಿ.

ಶೀರ್ಷಿಕೆಯನ್ನು ಪೂರ್ತಿ ವಾಕ್ಯ ಮಾಡುವುದೇ ಈಗ ಮಗಳಿಗೆ ದಿನದ ಆಟ. ಮೊನ್ನೆ ಹಳೆಯದನ್ನು ಬಿಟ್ಟು ಆ ದಿನದ ಪೇಪರಿಗೇ ಕೈ ಹಾಕಿದ್ದಾಳೆ, ನನಗೆ ಗೊತ್ತಿಲ್ಲ. ಮಧ್ಯಾಹ್ನ ಬ್ಯಾಂಕಿನ ಸಾಹೇಬರು ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತ ಪೇಪರು ಬಿಡಿಸಿದವರು ಅಲ್ಲೇ ನಿಂತರು. ಕಳ್ಳರು ಸಿಕ್ಕಿಬಿದ್ದ ಸುದ್ದಿಯ ದಪ್ಪ ಶೀರ್ಷಿಕೆಯ ನಡುವೆ ಪೆನ್ಸಿಲ್ಲಿನಿಂದ ಒಂದು ಬಾಣ, ಬಾಣದ ಮೇಲೆ 'ವರ್.'

"ಇದ್ಯಾರ್ರೀ ಪೇಪರ್ ತಿದ್ದಿದವ್ರು?" ಎಂದರು ಸಾಹೇಬರು.