ಸು ಫ್ರಮ್ ಸೋ, ಕಾಂತಾರ ಚಾಪ್ಟರ್ 1, ಮತ್ತೆ ನನ್ನ ಹಿಂದಿ ಟಿಕೆಟ್

ಮೊದ್ಲೇ ಹೇಳಿ ಬಿಡ್ತೇನೆ, ಈ ಎರಡು ಸಿನಿಮಾದಲ್ಲಿ ನಂಗೆ ಹೆಚ್ಚು ಇಷ್ಟ ಆದದ್ದು ಸು ಫ್ರಮ್ ಸೋ. ಕಾಂತಾರ ಚಾಪ್ಟರ್ 1 ಹಾಳು ಸಿನಿಮಾ ಅಂತ ಅಲ್ಲ, ಕೂಡ್ಲೆ ಬೈಲಿಕ್ಕೆ ಬರ್ಬೇಡಿ ಮಾರಾಯ್ರೆ, ಅದ್ರದ್ದು ಒಂದು ದೊಡ್ಡ ಕತೆ ಉಂಟು, ಅದ್ರಲ್ಲಿ ಮುಕ್ಕಾಲು ತಪ್ಪು ನಂದೇ. ಎರಡೂ 2025ರದ್ದು, ಎರಡೂ ನಮ್ಮ ಕರಾವಳಿಯವರೇ ಮಾಡಿದ್ದು, ಒಂದು ಜುಲೈ 25ಕ್ಕೆ ಬಂತು, ಇನ್ನೊಂದು ಅಕ್ಟೋಬರ್ 2ಕ್ಕೆ, ಸಮಾ ವಿಜಯದಶಮಿ ದಿನ. ನಮ್ಮ ಮನೆಯವ್ರು ವರ್ಷಕ್ಕೆ ಎರಡು ಸಿನಿಮಾ ಥಿಯೇಟರಲ್ಲಿ ನೋಡಿದ್ರೆ ಹೆಚ್ಚು, ಹಾಗಾಗಿ ಕಳೆದ ವರ್ಷದ ಕೋಟಾ ಇವೆರಡಕ್ಕೇ ಮುಗ್ದಿತ್ತು. ಕತೆ ಎಂತ, ಹೀರೋ ಯಾರು ಅಂತೆಲ್ಲ ನಿಮ್ಗೆ ಗೊತ್ತುಂಟು, ಅದನ್ನು ನಾನು ಪುನಃ ಬರಿಯುದಿಲ್ಲ.

ಸು ಫ್ರಮ್ ಸೋ ನೋಡಿದ್ದು ಆಟಿ ತಿಂಗಳ (ತುಳುವರ ಮಳೆಗಾಲದ ತಿಂಗಳು) ಒಂದು ಆದಿತ್ಯವಾರ, ಎರಡನೇ ವಾರದಲ್ಲಿ, ಉಡುಪಿಯ ಒಂದು ಹಳೆ ಸಿಂಗಲ್ ಸ್ಕ್ರೀನಲ್ಲಿ. ನಾವು ಉದ್ಯಾವರದಿಂದ ನಾಲ್ಕು ಜನ, ನಾನು, ಇವ್ರು, ಅತ್ತೆ, ಏಳನೇ ಕ್ಲಾಸಿನ ಮಗಳು, ಬಸ್ಸಲ್ಲೇ ಹೋದದ್ದು. ಮಳೆ ಅಂದ್ರೆ ಆ ನಮೂನೆ ಮಳೆ, ಕೊಡೆ ಇದ್ದೂ ಸೊಂಟದಿಂದ ಕೆಳಗೆ ಚಂಡಿ. ಬಾಲ್ಕನಿ 150 ರೂಪಾಯಿ, ಕೌಂಟರಲ್ಲಿ ಕೈ ಹಾಕಿ ದುಡ್ಡು ಕೊಟ್ಟದ್ದು, ಅವ ಹರಿದು ಕೊಟ್ಟದ್ದು, ಮುಗೀತು. ಸೀಟಿನ ಸ್ಪ್ರಿಂಗ್ ಚುಚ್ತದೆ, ಮಳೆ ಜೋರಾದಾಗ ಮಾಡಿನ ಶಬ್ದಕ್ಕೆ ಡೈಲಾಗ್ ಕೇಳುದಿಲ್ಲ. ಡೈಲಾಗ್ ಕೇಳದೆ ಇರ್ಲಿಕ್ಕೆ ಇನ್ನೊಂದು ಕಾರಣ ಜನರ ನಗು, ಒಂದು ಜೋಕಿಗೆ ನಗ್ತಾ ಇರುವಾಗ ಮುಂದಿನ ಎರಡು ಜೋಕ್ ದಾಟಿ ಹೋಗಿರ್ತದೆ. ನಮ್ಮ ಹಿಂದೆ ಕೂತಿದ್ದ ಒಬ್ರು ಅಜ್ಜ ಪ್ರತಿ ಸಲ "ಎಂಥ ಹೇಳಿದ ಅವ?" ಅಂತ ಪಕ್ಕದವ್ರನ್ನು ಕೇಳುದು, ಅವ್ರು ಪುನಃ ಹೇಳುದು, ಆಗ ಆ ಅಜ್ಜ ಒಬ್ರೇ ತಡವಾಗಿ ನಗುದು, ಅದಕ್ಕೆ ನಾವು ಪುನಃ ನಗುದು.

ಆ ಸಿನಿಮಾದಲ್ಲಿ ನಂಗೆ ಹಿಡಿಸಿದ್ದು ಭಾಷೆ. ಡೈರೆಕ್ಟರ್ ಜೆ.ಪಿ. ತೂಮಿನಾಡು, ಅವರೇ ಅಶೋಕನ ಪಾರ್ಟು ಕೂಡ, ತೂಮಿನಾಡು ಅಂದ್ರೆ ತಲಪಾಡಿ ದಾಟಿದ ಮೇಲೆ ಮಂಜೇಶ್ವರದ ಕಡೆ. ಸಿನಿಮಾದ ಹೆಸರು ಬಿಡಿಸಿ ಹೇಳಿದ್ರೆ ಸುಲೋಚನಾ ಫ್ರಮ್ ಸೋಮೇಶ್ವರ, ಅದೇ ನಮ್ಮ ಉಳ್ಳಾಲದ ಸೋಮೇಶ್ವರ. ಬೆಂಗಳೂರಿನ ಸಿನಿಮಾದವ್ರು ಮಂಗಳೂರು ಕನ್ನಡ ಮಾಡ್ಲಿಕ್ಕೆ ಹೊರಟ್ರೆ ಪ್ರತಿ ವಾಕ್ಯಕ್ಕೆ ಒಂದು "ಮಾರಾಯ" ಹಾಕ್ತಾರೆ, ಇಡೀ ಊರೇ ಪುಸ್ತಕ ಓದಿದ ಹಾಗೆ ಮಾತಾಡ್ತದೆ. ಇದ್ರಲ್ಲಿ ಹಾಗೆ ಇಲ್ಲ, ನಮ್ಮ ವಠಾರದ ಜಗುಲಿಯಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿದ ಹಾಗೆ ಉಂಟು. ಮತ್ತೆ ಆ ರವಿಯಣ್ಣ! ಶನೀಲ್ ಗೌತಮ್ ಮಾಡಿದ್ದು. ಮದುವೆ, ಬೊಜ್ಜ (ಉತ್ತರಕ್ರಿಯೆ), ಭಜನೆ, ಜಗಳ, ಎಲ್ಲದಕ್ಕೂ ಮುಂದೆ ನಿಲ್ಲುವ ಒಬ್ಬ ಅಣ್ಣ ಪ್ರತಿ ಊರಲ್ಲಿ ಇರ್ತಾನಲ್ಲ, ನಮ್ಮಲ್ಲೂ ಇದ್ದಾರೆ, ಹೆಸರು ಹೇಳುದಿಲ್ಲ, ಅವ್ರೂ ಅದೇ ಶೋಗೆ ಬಂದಿದ್ರು. ಇಂಟರ್ವಲ್‌ನಲ್ಲಿ ನಾಲ್ಕು ಜನ ಅವ್ರನ್ನು "ರವಿಯಣ್ಣ" ಅಂತ ಕರ್ದಾಯ್ತು, ಅವ್ರಿಗೆ ಕುಶಿಯೇ ಆಯ್ತು, ಎಲ್ಲರಿಗೂ ಚಾ ತೆಗ್ಸಿಕೊಟ್ರು.

ಸಣ್ಣ ಕೊರತೆ ಉಂಟು. ಸುಲೋಚನಾಳ ಮಗಳು ಭಾನು ಬಂದ ಮೇಲೆ ಸಿನಿಮಾ ಒಮ್ಮೆಗೆ ಗಂಭೀರ ಆಗ್ತದೆ, ನಗ್ಲಿಕ್ಕೆ ಬಂದವ್ರು ಸ್ವಲ್ಪ ಹೊತ್ತು ಕೈಕಾಲು ಎಲ್ಲಿ ಇಡುದು ಅಂತ ಗೊತ್ತಾಗದ ಹಾಗೆ ಕೂತ್ಕೊಳ್ತಾರೆ. ನಂಗೆ ಅದು ಬೇಕಿತ್ತು ಅನ್ನಿಸ್ತು, ಇವ್ರಿಗೆ ಬೋರ್. ಮತ್ತೆ ಬಚ್ಚಲು ಇಣುಕಿ ನೋಡುವ ವಿಷ್ಯ ಮಗಳ ಪಕ್ಕ ಕೂತು ನೋಡ್ಲಿಕ್ಕೆ ಸ್ವಲ್ಪ ಮುಜುಗರ. ಅಷ್ಟೇ.

ಈಗ ಕಾಂತಾರ. 2022ರ ಕಾಂತಾರವನ್ನು ನಾವು ಥಿಯೇಟರಲ್ಲಿ ನೋಡ್ಲಿಕ್ಕೆ ಆಗಿರ್ಲಿಲ್ಲ, ಟಿವಿಯಲ್ಲಿ ನೋಡಿದ್ದು, ಆಗ ಎಲ್ಲರೂ "ಅಯ್ಯೋ ಅದನ್ನು ಟಿವಿಯಲ್ಲಿ ನೋಡಿದ್ರಾ" ಅಂತ ಪಾಪ ನೋಡಿದ ಹಾಗೆ ನೋಡ್ತಿದ್ರು. ಹಾಗಾಗಿ ಈ ಸಲ ದೊಡ್ಡ ಸ್ಕ್ರೀನ್, ಒಳ್ಳೆ ಸೌಂಡ್, ಮಣಿಪಾಲದ ಕಡೆಯ ಒಂದು ಮಲ್ಟಿಪ್ಲೆಕ್ಸ್ ಅಂತ ತೀರ್ಮಾನ ಮಾಡಿದ್ವಿ. ನವರಾತ್ರಿ ರಜೆ, ಎಲ್ಲಾ ಶೋ ಫುಲ್. ಗುರುವಾರ ರಿಲೀಸ್, ನಮ್ಗೆ ಬೇಕಾದದ್ದು ಆದಿತ್ಯವಾರ ಮಧ್ಯಾಹ್ನದ್ದು. ಶುಕ್ರವಾರ ರಾತ್ರಿ ನಾನು ಹರಿವೆ ಸೊಪ್ಪು ಕಡಿತಾ ಇದ್ದೆ, ನಾದಿನಿ ವಾಟ್ಸಾಪಲ್ಲಿ ಒಂದು ಲಿಂಕ್ ಕಳಿಸಿದ್ಲು, "ಅತ್ತಿಗೆ ಇದ್ರಲ್ಲಿ ಇನ್ನೂ ಸೀಟುಂಟು, ಬೇಗ ಮಾಡಿ" ಅಂತ. ಸೊಪ್ಪಿನ ಕೈಯಲ್ಲೇ ಒತ್ತಿದೆ. ಬೇರೆ ಶೋ ಎಲ್ಲಾ ತುಂಬಿದೆ, ಇದೊಂದು ನಾಲ್ಕೂಕಾಲು ಗಂಟೆಯದ್ದು ಮಾತ್ರ ನಾಲ್ಕು ಸೀಟು ಒಟ್ಟಿಗೆ, ಅದೂ ನಡುವಿನ ಸಾಲಲ್ಲಿ. ನನ್ನ ಅದೃಷ್ಟವೇ ಅಂತ ಗ್ರಹಿಸಿ ದುಡ್ಡು ಕಟ್ಟಿಯೇ ಬಿಟ್ಟೆ. ಇಷ್ಟು ಒಳ್ಳೆ ಸೀಟು ಯಾಕೆ ಉಳಿದಿದೆ ಅಂತ ಒಂದು ಕ್ಷಣ ಯೋಚನೆ ಮಾಡ್ಬೇಕಿತ್ತಲ್ಲ, ಮಾಡ್ಲಿಲ್ಲ.

ಸಿನಿಮಾ ಸುರು ಆಯ್ತು. ಮೊದ್ಲು ಸಿಗರೇಟು ಸೇದ್ಬೇಡಿ ಅನ್ನುವ ಎಂತದೋ ಜಾಹೀರಾತು ಹಿಂದಿಯಲ್ಲಿ ಬಂತು, ಅದು ಯಾವಾಗ್ಲೂ ಹಾಗೆಯೇ ಅಲ್ವಾ. ಆಮೇಲೆ ಕತೆ ಹೇಳುವ ಧ್ವನಿ ಹಿಂದಿ. ನಾನು ಎಣಿಸಿದ್ದು ಇದು ಪ್ಯಾನ್ ಇಂಡಿಯಾ ಸಿನಿಮಾ, ಸುರುವಲ್ಲಿ ಎರಡು ಮಾತು ಹಿಂದಿ ಇರ್ಬಹುದು ಅಂತ. ಹತ್ತು ನಿಮಿಷ ಕಳೀತು. ಕಾಡಿನವ್ರು ಹಿಂದಿ, ರಾಜ ಹಿಂದಿ, ರಿಷಬ್ ಶೆಟ್ಟಿ ಬಾಯಿ ತೆಗ್ದ, ಅವನೂ ಹಿಂದಿ. ಅತ್ತೆ ನನ್ನ ಕಡೆ ಬಗ್ಗಿ, ಇಡೀ ಸಾಲಿಗೆ ಕೇಳುವ ಹಾಗೆ, "ಇಂಬೆ ದಾಯೆಗ್ ಹಿಂದಿ ಪಾತೆರುನಿ?" ಅಂತ ತುಳುವಲ್ಲಿ ಕೇಳಿದ್ರು, ಇವ ಯಾಕೆ ಹಿಂದಿ ಮಾತಾಡುದು ಅಂತ. ಕೆರಾಡಿಯ ಹುಡುಗ ಮಾರಾಯ್ರೆ, ಕುಂದಾಪುರದವ, ಅವನ ಸಿನಿಮಾವನ್ನು ನಾವು ಉದ್ಯಾವರದವ್ರು ಮಣಿಪಾಲಕ್ಕೆ ಹೋಗಿ ಹಿಂದಿಯಲ್ಲಿ ನೋಡುದು. ಹೊರಗಿನ ಊರಿನ ಸ್ಟೂಡೆಂಟ್ಸ್ ಅಷ್ಟು ಜನ ಇರುವ ಜಾಗದಲ್ಲಿ ಹಿಂದಿ ಶೋ ಇಡದೆ ಮತ್ತೆಂತ ಇಡ್ತಾರೆ, ಅದು ನಂಗೆ ಹೊಳಿಲೇ ಇಲ್ಲ.

ಇವ್ರು ಎದ್ದು ಹೊರಗೆ ಹೋಗಿ ಕೇಳಿದ್ರು. ಅಲ್ಲಿದ್ದ ಹುಡುಗ ನಯವಾಗಿಯೇ ಹೇಳಿದ, ಟಿಕೆಟಲ್ಲಿ ಬರ್ದಿದೆ ಸರ್, ಶೋ ಸುರು ಆದ ಮೇಲೆ ಎಂತ ಮಾಡ್ಲಿಕ್ಕೆ ಬರುದಿಲ್ಲ, ಪಕ್ಕದ ಸ್ಕ್ರೀನಲ್ಲಿ ಕನ್ನಡ ಉಂಟು, ಆದ್ರೆ ಒಂದೂ ಸೀಟಿಲ್ಲ. ಫೋನ್ ತೆಗ್ದು ನೋಡಿದ್ರೆ ಹೌದು, ಸಿನಿಮಾ ಹೆಸರಿನ ಅಡಿಯಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಹಿಂದಿ ಅಂತ ಉಂಟು. ಸೀಟ್ ನಂಬರ್ ದಪ್ಪಕ್ಕೆ, ದುಡ್ಡು ದಪ್ಪಕ್ಕೆ, ಪಾಪ್‌ಕಾರ್ನ್ ಕಾಂಬೋ ಫೋಟೋ ಅಂಗೈ ಅಗಲಕ್ಕೆ, ಭಾಷೆ ಮಾತ್ರ ಸಾಸಿವೆ. ಯಾರನ್ನು ಬೈಯುದು? ಲಿಂಕ್ ಕಳಿಸಿದ ನಾದಿನಿಯನ್ನು ಬೈಯುವ ಅಂದ್ರೆ ಪಕ್ಕದಲ್ಲೇ ಅತ್ತೆ. ಇವ್ರು ಪುನಃ ಬಂದು ಕೂತ್ಕೊಂಡ್ರು, ಎಂತ ಮಾತಾಡ್ಲಿಲ್ಲ, ಆ ಮೌನವೇ ಹೆಚ್ಚು ಬೇಜಾರು.

ಅಲ್ಲಿಂದ ಮುಂದೆ ಎರಡೂವರೆ ಗಂಟೆ ಮಗಳದ್ದೇ ಡಬ್ಬಿಂಗ್. ಶಾಲೆಯಲ್ಲಿ ಥರ್ಡ್ ಲ್ಯಾಂಗ್ವೇಜ್ ಹಿಂದಿ, ಮಾರ್ಕು ಹೇಳಿ ಸುಖ ಇಲ್ಲ, ಆದ್ರೂ ಅಜ್ಜಿ ಕಿವಿಗೆ ಬಾಯಿ ಇಟ್ಟು ತುಳುವಲ್ಲಿ ಹೇಳ್ತಾ ಇದ್ಲು. ರುಕ್ಮಿಣಿ ವಸಂತ್ ರಾಜಕುಮಾರಿ ಎಂತದೋ ಉದ್ದ ಮಾತಾಡಿದ್ರೆ ಇವ್ಳು "ಕೋಪ ಬಂದಿದೆ ಅಜ್ಜಿ" ಅಂತ ಎರಡೇ ಶಬ್ದದಲ್ಲಿ ಮುಗಿಸುದು. ಗುಲ್ಶನ್ ದೇವಯ್ಯ ಕುಡ್ದು ರಂಪ ಮಾಡುವಾಗ ಅನುವಾದ ಬೇಡ ಆಯ್ತು, ಅಂಥವ್ರನ್ನು ಅತ್ತೆ ಸುಮಾರು ನೋಡಿದ್ದಾರೆ. ಮುಂದಿನ ಸಾಲಿನ ಹುಡುಗ್ರು ಎರಡು ಸಲ ತಿರುಗಿ ಶ್ ಅಂದ್ರು, ಮೂರನೇ ಸಲ ಅತ್ತೆ ಅವ್ರಿಗೇ ಶ್ ಅಂದ್ರು.

ಒಂದು ವಿಷ್ಯ ಮಾತ್ರ ಹೇಳ್ಬೇಕು. ದೈವ ಬರುವ ಜಾಗದಲ್ಲಿ ಆ ಕೂಗು ಬಂತಲ್ಲ, ಅದಕ್ಕೆ ಡಬ್ಬಿಂಗ್ ಇಲ್ಲ. ಅಷ್ಟು ಹೊತ್ತು ಸೀಟಿ ಹಾಕ್ತಾ ಇದ್ದ ಸ್ಟೂಡೆಂಟ್ಸ್ ಎಲ್ಲಾ ಗಪ್ ಚಿಪ್. ಅತ್ತೆ ಚಪ್ಪಲಿ ಕಳಚಿ ಕಾಲು ಮಡಚಿ ಕೈ ಮುಗಿದು ಕೂತಿದ್ರು. ನಂಗೂ ಮೈ ಜುಂ ಅಂತು, ಸುಳ್ಳು ಯಾಕೆ ಹೇಳ್ಬೇಕು. ಆ ಸೌಂಡ್, ಆ ಕಾಡು, ಅರವಿಂದ್ ಕಶ್ಯಪ್ ಕ್ಯಾಮೆರಾ, ಅದೆಲ್ಲ ಸಿಂಗಲ್ ಸ್ಕ್ರೀನಿನ ಹರ್ಕು ಸ್ಪೀಕರಲ್ಲಿ ಸಿಗುದಿಲ್ಲ, ಅದನ್ನು ಒಪ್ತೇನೆ. ಥಿಯೇಟರಿಗೆ ದೈವದ ವೇಷ ಹಾಕ್ಕೊಂಡು ಬಂದು ಕುಣಿದವ್ರ ವಿಡಿಯೋ ನೋಡಿ ಮಾತ್ರ ಮಂಡೆ ಬಿಸಿ ಆಯ್ತು, ಕಡೆಗೆ ಚಿತ್ರತಂಡದವ್ರೇ ಹಾಗೆ ಮಾಡ್ಬೇಡಿ ಅಂತ ಕೇಳ್ಕೊಳ್ಬೇಕಾಯ್ತು.

ಅಕ್ಟೋಬರ್ 31ಕ್ಕೆ ಪ್ರೈಮಲ್ಲಿ ಬಂದ ಕೂಡ್ಲೆ ಮನೆಯಲ್ಲಿ ಕನ್ನಡದಲ್ಲಿ ಹಾಕಿದ್ವಿ, ನ್ಯಾಯವಾಗಿ ಹೋಲಿಸ್ಬೇಕಲ್ಲ. ಮಾತು ಅರ್ಥ ಆಯ್ತು, ರಾಜನಿಗೂ ಕಾಡಿನವ್ರಿಗೂ ಎಂತಕ್ಕೆ ಜಗಳ ಅಂತ ಆಗ ಸರಿ ಗೊತ್ತಾದದ್ದು. ಆದ್ರೆ 32 ಇಂಚಿನ ಟಿವಿಯಲ್ಲಿ ಆ ಯುದ್ಧ ಎಲ್ಲ ಇರುವೆ ಸಾಲಿನ ಹಾಗೆ, ನಡುವಲ್ಲಿ ಒಂದು ಸಲ ಕರೆಂಟ್ ಬೇರೆ ಹೋಯ್ತು. ಒಟ್ಟಾರೆ ನಾನು ಕಾಂತಾರವನ್ನು ಕಣ್ಣಿಂದ ಒಮ್ಮೆ, ಕಿವಿಯಿಂದ ಒಮ್ಮೆ ನೋಡಿದ್ದು, ಎರಡೂ ಒಟ್ಟಿಗೆ ಆಗ್ಲೇ ಇಲ್ಲ. ಅತ್ತೆಗೆ ಮಗಳು ಹೇಳಿದ ಕತೆಯೇ ಒಳ್ಳೆದಿತ್ತಂತೆ.

ಲೆಕ್ಕ ಹೇಳ್ತೇನೆ. ಸು ಫ್ರಮ್ ಸೋಗೆ ಟಿಕೆಟ್ 600, ಬಸ್ಸು, ಚುರುಮುರಿ ಸೇರಿ 900 ದಾಟ್ಲಿಲ್ಲ, ಚಾ ಹೇಗೂ ರವಿಯಣ್ಣನದ್ದು. ಕಾಂತಾರಕ್ಕೆ ಟಿಕೆಟೇ 1400, ಮೇಲೆ ಆಪಿನವ್ರ ಫೀಸ್ 160, ಪಾಪ್‌ಕಾರ್ನ್ ಮತ್ತೆ ಕೋಕ್ 620, ಅತ್ತೆಗೆ ಗಂಟು ನೋವು ಅಂತ ರಿಕ್ಷಾ 300, ಒಟ್ಟು 2480. ಸೆಪ್ಟೆಂಬರಲ್ಲಿ ಸರ್ಕಾರ ಟಿಕೆಟಿಗೆ ಟ್ಯಾಕ್ಸ್ ಬಿಟ್ಟು 200ರ ಮಿತಿ ಹಾಕಿದಾಗ ಇವ್ರು ಭಾರೀ ಕುಶಿಯಲ್ಲಿದ್ರು, ಸಿನಿಮಾ ಬರುವ ಮೊದ್ಲೇ ಹೈಕೋರ್ಟ್ ತಡೆ ಕೊಟ್ಟಾಯ್ತು, ನಮ್ಮ ಕುಶಿಯೂ ಅಲ್ಲಿಗೇ ನಿಂತಿತು. ನಾನು ಸೊಸೈಟಿಯಲ್ಲಿ ಕೆಲಸ ಮಾಡುವವಳು, 2480 ಅಂದ್ರೆ ನಮ್ಗೆ ಒಂದು ತಿಂಗಳ ಹಾಲಿನ ಬಿಲ್ಲು.

ಎರಡು ಮುಕ್ಕಾಲು ಗಂಟೆ ಕೂರುದೂ ಒಂದು ಸಮಸ್ಯೆಯೇ, ಅತ್ತೆ ಕಾಂತಾರದಲ್ಲಿ ಮೂರು ಸಲ ಎದ್ರು. ಸು ಫ್ರಮ್ ಸೋ ಎರಡು ಕಾಲು ಗಂಟೆ, ಒಮ್ಮೆಯೂ ಏಳ್ಲಿಲ್ಲ.

ನೀವು ಒಬ್ರೇ ಹೋಗುವವ್ರಾದ್ರೆ, ಕೈಯಲ್ಲಿ ದುಡ್ಡುಂಟು, ಮನೆಯಲ್ಲಿ ದೊಡ್ಡ ಟಿವಿ ಹೋಮ್ ಥಿಯೇಟರ್ ಉಂಟು ಅಂತಾದ್ರೆ ಕಾಂತಾರ ಇಷ್ಟ ಆದೀತು, ನಾನು ಬೇಡ ಅನ್ನುದಿಲ್ಲ. ನಮ್ಮ ಹಾಗೆ ಅತ್ತೆ, ಮಕ್ಕಳನ್ನು ಕಟ್ಕೊಂಡು ಬಸ್ಸಲ್ಲಿ ಹೋಗಿ ಬಾಯಿ ತುಂಬ ನಕ್ಕು ಬರುವವ್ರಿಗೆ ಸು ಫ್ರಮ್ ಸೋ. ಅದು ಈಗ ಹಾಟ್‌ಸ್ಟಾರಲ್ಲೂ ಉಂಟು, ಸಣ್ಣ ಟಿವಿಯಲ್ಲಿ ನೋಡಿದ್ರೂ ಎಂತ ಕಮ್ಮಿ ಆಗುದಿಲ್ಲ, ಮೊನ್ನೆ ಶನಿವಾರ ನಾವು ಮೂರನೇ ಸಲ ಹಾಕಿದ್ದು, ಥಿಯೇಟರಲ್ಲಿ ನಗುವಿನ ಅಡಿಗೆ ಹೋದ ಜೋಕೆಲ್ಲ ಈಗ ಸಿಗ್ತಾ ಉಂಟು.

ಆಪನ್ನು ಇನ್ನೂ ಡಿಲೀಟ್ ಮಾಡ್ಲಿಲ್ಲ. ನಾನು ಹಿಂದಿಯವಳು ಅಂತ ಗ್ರಹಿಸಿ ಅದು ವಾರಕ್ಕೆರಡು ಹಿಂದಿ ಸಿನಿಮಾದ ನೋಟಿಫಿಕೇಶನ್ ಕಳಿಸ್ತಾ ಉಂಟು, ಫೋನ್ ಟಿಂಗ್ ಅಂದ ಕೂಡ್ಲೆ ಇವ್ರು ಒಳಗಿಂದ ಕೇಳ್ತಾರೆ, "ಯಾವ ಭಾಷೆದ್ದು?"