ಕುಂದಾಪುರದ ಮನೆಗೆ ಕಡಲ ಬಣ್ಣದ ಕುಶನ್‌ಗಳು: ನಾಲ್ಕು ಬೇಸಿಗೆ ಬಳಸಿದ ಮೇಲೆ

2022ರ ಮಾರ್ಚ್‌ನಲ್ಲಿ ಆನ್‌ಲೈನ್‌ನಲ್ಲಿ ಆರು ಕುಶನ್ ಕವರ್ ತರಿಸಿದ್ದೆ. ನಾಲ್ಕು ನೀಲಿ-ಬಿಳಿ ಪಟ್ಟೆಯವು. ಒಂದರ ಮೇಲೆ ಲಂಗರಿನ ಚಿತ್ರ. ಇನ್ನೊಂದರ ಅಂಚಿಗೆ ನಿಜವಾದ ಕವಡೆಗಳನ್ನೇ ಹೊಲಿದಿದ್ದರು. ಎಲ್ಲವೂ 16 ಇಂಚಿನವು, ಆರಕ್ಕೂ ಸೇರಿ 1,450 ರೂಪಾಯಿ. ಆ ವಾರವೇ ಬರೆದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ನಾಲ್ಕು ಬೇಸಿಗೆ, ನಾಲ್ಕು ಮಳೆಗಾಲ ಕಳೆದ ಮೇಲೆ ಮೂರೂವರೆ ಕೊಡುತ್ತೇನೆ.

ನಮ್ಮದು ಕೋಡಿ ಕಡಲತೀರಕ್ಕೆ ಹತ್ತಿರದ ಹಳೆಯ ಮನೆ. ಹಂಚಿನ ಮಾಡು, ಕಾವಿ ನೆಲ, ಮರದ ಸೋಫಾ, ಜಗಲಿಯಲ್ಲೊಂದು ದಿವಾನ. ಶಿವರಾತ್ರಿ ಕಳೆದರೆ ಸೆಕೆ ಶುರು. ಮೊದಲಿದ್ದ ಮೆರೂನ್ ವೆಲ್ವೆಟ್ ಕುಶನ್‌ಗೆ ಒರಗಿದರೆ ಬೆನ್ನು ಬೆವರಿ ಅಂಟುತ್ತಿತ್ತು. ಅವನ್ನು ತೆಗೆದು ಪಟ್ಟೆಯವನ್ನು ಇಟ್ಟ ದಿನ ಹಾಲ್ ಅರ್ಧ ಹಗುರಾದ ಹಾಗೆ ಕಂಡಿತು. ಕೆಂಪು ನೆಲದ ಮೇಲೆ ನೀಲಿ-ಬಿಳಿ ತುಂಬಾ ಚೆನ್ನಾಗಿ ಕೂರುತ್ತದೆ. ಈ ಪಟ್ಟೆ ಫ್ರಾನ್ಸ್‌ನ ನಾವಿಕರ ಅಂಗಿಯಿಂದ ಬಂದದ್ದು. ಅಲ್ಲಿನ ನೌಕಾಪಡೆ 1858ರಲ್ಲಿ ಅದನ್ನು ಸಮವಸ್ತ್ರಕ್ಕೆ ಸೇರಿಸಿಕೊಂಡಿತ್ತು. ಅಷ್ಟು ಹಳೆಯ ವಿನ್ಯಾಸ ಇವತ್ತಿಗೂ ಬೇಜಾರು ತರಿಸುವುದಿಲ್ಲ. ಲಂಗರಿನ ಚಿತ್ರ ಮಾತ್ರ ಎರಡನೇ ಬೇಸಿಗೆಗೇ ಸಾಕೆನಿಸಿತು.

ಆ ಲಂಗರಿನ ಕವರ್ ಬಗ್ಗೆ ನನಗೆ ನಿಜವಾಗಿ ಬೇಸರವಿದೆ. ಮಾರುವಾಗ ಕಾಟನ್ ಎಂದು ಬರೆದಿದ್ದರು. ಒಳಗಿನ ಲೇಬಲ್ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಪಾಲಿಯೆಸ್ಟರ್. ಮುಟ್ಟಿದಾಗ ಗೊತ್ತಾಗಲಿಲ್ಲ, ಏಪ್ರಿಲ್ ಮಧ್ಯಾಹ್ನ ತಲೆ ಇಟ್ಟಾಗ ಗೊತ್ತಾಯಿತು. ಬೆವರು ಹೀರುವುದೇ ಇಲ್ಲ. ಚಿತ್ರವೂ ಆರೇಳು ಒಗೆತಕ್ಕೆ ಬಿರುಕು ಬಿಟ್ಟಿತು. ಕವಡೆಯದು ನೋಡಲು ಬಲು ಚಂದ. ಆದರೆ ತಂಗಿಯ ಮಗು ಅದರ ಮೇಲೆ ಮಲಗಿ ಕೆನ್ನೆ ಗೀರಿಕೊಂಡಿತು. ಅವತ್ತೇ ಎತ್ತಿಟ್ಟೆ. ಮಕ್ಕಳಿರುವ ಮನೆಗೆ ದಯವಿಟ್ಟು ಅಂಥದ್ದು ತರಬೇಡಿ.

ಇನ್ನು ಜಿಪ್. ಕೊಳ್ಳುವಾಗ ಯಾರೂ ನೋಡುವುದಿಲ್ಲ ಅಲ್ವಾ? ನಾನೂ ನೋಡಿರಲಿಲ್ಲ. ಎರಡು ಕವರ್‌ಗಳಿಗೆ ಲೋಹದ ಜಿಪ್ ಇತ್ತು. ಇಲ್ಲಿ ಮಧ್ಯಾಹ್ನದ ಕಡಲ ಗಾಳಿಯಲ್ಲಿ ಉಪ್ಪಿನಂಶ ಇರುತ್ತದೆ. ಕಿಟಕಿಯ ಸರಳನ್ನೇ ಬಿಡದ ಗಾಳಿ ಇದನ್ನು ಬಿಡುತ್ತದೆಯೇ? ಒಂದೂವರೆ ವರ್ಷಕ್ಕೆ ಜಿಪ್ ತುಕ್ಕು ಹಿಡಿದು, ಬಿಳಿ ಬಟ್ಟೆಗೆ ಕಂದು ಕಲೆ ಇಳಿಯಿತು. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟಾಗ ಕಲೆ ಮುಕ್ಕಾಲು ಪಾಲು ಹೋಯಿತು. ನೀಲಿ ಪಟ್ಟೆಗೆ ತಾಗದಂತೆ ಹಚ್ಚಬೇಕು, ಇಲ್ಲದಿದ್ದರೆ ಆ ಬಣ್ಣವೂ ಮಂಕಾಗುತ್ತದೆ. ಆಮೇಲೆ ದರ್ಜಿಯ ಹತ್ತಿರ ಪ್ಲಾಸ್ಟಿಕ್ ಜಿಪ್ ಹಾಕಿಸಿದೆ. ಕಡಲ ಹತ್ತಿರ ಇರುವವರು ಬಣ್ಣ ನೋಡುವ ಮೊದಲು ಜಿಪ್ ನೋಡಿ.

ಒಳಗಿನ ದಿಂಬಿನ ವಿಷಯದಲ್ಲೂ ಮೊದಲು ತಪ್ಪಿದೆ. 16 ಇಂಚಿನ ಕವರ್‌ಗೆ 16ರದ್ದೇ ಹಾಕಿದ್ದೆ. ಮೂಲೆಗಳು ಸೊರಗಿ, ಎರಡೇ ತಿಂಗಳಿಗೆ ಜೋತುಬಿದ್ದವು. ಈಗ 18ರದ್ದು ಹಾಕಿದ್ದೇನೆ, ತುಂಬಿಕೊಂಡು ಕೂತಿವೆ. ಅಮ್ಮ ಕೊಟ್ಟ ಬೂರುಗದ ಹತ್ತಿಯ ದಿಂಬನ್ನೂ ಒಂದಕ್ಕೆ ಹಾಕಿ ನೋಡಿದೆ. ಅಷ್ಟು ಮೆತ್ತಗೆ, ತಂಪಾಗಿ ಬೇರೆ ಯಾವುದೂ ಇಲ್ಲ. ಆದರೆ ಅದನ್ನು ಒಗೆಯುವ ಹಾಗಿಲ್ಲ, ಆಗಾಗ ಬಿಸಿಲಿಗೆ ಹಾಕುತ್ತಲೇ ಇರಬೇಕು. ದಿನಬಳಕೆಗೆ ಫೈಬರ್ ದಿಂಬೇ ಅನುಕೂಲ.

ಮೊದಲ ವರ್ಷ ಜೂನ್ ಬಂದರೂ ಇವನ್ನು ಜಗಲಿಯಲ್ಲೇ ಬಿಟ್ಟಿದ್ದೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಕಡೆ ಅದು ಸರಿಹೋಗುವುದಿಲ್ಲ. ಆಷಾಢದ ಹೊತ್ತಿಗೆ ಹಿಂಬದಿಯಲ್ಲಿ ಕಪ್ಪು ಚುಕ್ಕೆ, ಬೂಷ್ಟಿನ ವಾಸನೆ. ಒಂದರ ಚುಕ್ಕೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಈಗ ಮೇ ಮೂರನೇ ವಾರವೇ ಕವರ್ ಬಿಚ್ಚಿ, ತಣ್ಣೀರಲ್ಲಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಎರಡು ದಿನ ಚೆನ್ನಾಗಿ ಒಣಗಿಸಿ ಕಪಾಟಿಗೆ ಇಡುತ್ತೇನೆ. ಮತ್ತೆ ಹೊರಬರುವುದು ಶಿವರಾತ್ರಿಗೆ. ಆಗ ಪ್ರತಿ ಸಲವೂ ಹೊಸದಾಗಿ ಕಾಣುತ್ತವೆ. ಪಡುವಣ ಕಿಟಕಿಯ ಪಕ್ಕ ಇಟ್ಟ ಒಂದು ಮಾತ್ರ ಬಿಸಿಲಿಗೆ ಮಾಸಿದೆ.

ಲಂಗರಿನದು, ಕವಡೆಯದು, ಈ ಎರಡರ ಜಾಗಕ್ಕೆ ಹೊಸದು ಕೊಳ್ಳಲಿಲ್ಲ. ಅಮ್ಮನ ಹಳೆಯ ಉಡುಪಿ ಸೀರೆಯೊಂದಿತ್ತು. ತೆಳು ಹತ್ತಿ, ತಿಳಿ ಹಸಿರಿನ ಸಣ್ಣ ಚೌಕಳಿ. ಸೆರಗಿನ ಕಡೆ ಹರಿದಿತ್ತು, ಉಳಿದದ್ದು ಗಟ್ಟಿ. ಒಳಗೆ ಅಸ್ತರ ಕೊಟ್ಟು ಎರಡು ಕವರ್ ಹೊಲಿಸಿದೆ. ಮಧ್ಯಾಹ್ನ ಜಗಲಿಯಿಂದ ನಮ್ಮ ಕಡಲು ಕಾಣುವುದು ಹೆಚ್ಚುಕಡಿಮೆ ಅದೇ ಬಣ್ಣದಲ್ಲಿ. ಬಂದವರೆಲ್ಲ ಮೊದಲು ಕೇಳುವುದು ಆ ಎರಡರ ಬಗ್ಗೆಯೇ. ಪಟ್ಟೆಯವನ್ನು ಮತ್ತೆ ಕೊಳ್ಳುತ್ತೀರಾ ಎಂದರೆ ಹೌದು, ಪೂರ್ತಿ ಕಾಟನ್, ಪ್ಲಾಸ್ಟಿಕ್ ಜಿಪ್ ಇದ್ದರೆ ಮಾತ್ರ. ಸದ್ಯಕ್ಕೆ ಅತ್ತೆ ಇನ್ನೊಂದು ಸೀರೆ ತೆಗೆದಿಟ್ಟಿದ್ದಾರೆ, ಮುಂದಿನ ಶಿವರಾತ್ರಿಯೊಳಗೆ ಹೊಲಿಸಬೇಕು.